ಭಾನುವಾರ ಮಧ್ಯಾಹ್ನದ ಮೂರು ಗಂಟೆ: ಕೊಯಿಂಬ್ರದಲ್ಲಿ ಅಕ್ಕ-ಭಾವ

ನಮ್ಮ ಅಕ್ಕ-ಭಾವ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ 31 ವರ್ಷ ಇದ್ದರು. ಭಾವ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡಿದರು, ಅಕ್ಕ ಶಾಲೆಯೊಂದರ ಆಫೀಸಿನಲ್ಲಿ. ಇಬ್ಬರೂ ರಿಟೈರ್ ಆದ ಮೇಲೆ, 2022ರ ಸೆಪ್ಟೆಂಬರ್‌ನಲ್ಲಿ, ಪೋರ್ಚುಗಲ್‌ನ ಕೊಯಿಂಬ್ರ ಎಂಬ ಊರಿಗೆ ಹೋಗಿ ಮನೆ ಮಾಡಿದರು. ಆಗ ಭಾವನಿಗೆ 67, ಅಕ್ಕನಿಗೆ 65. ಇಬ್ಬರ ಮೂಲ ಊರೂ ಕುಮಟಾ.

ಈ ಬರಹ ಅವರ ಶನಿವಾರ-ಭಾನುವಾರಗಳ ಬಗ್ಗೆ. ಸಣ್ಣ ವಿಷಯ ಅನಿಸಬಹುದು. ಆದರೆ ನಿವೃತ್ತಿಯ ನಂತರ ಬೇರೆ ದೇಶಕ್ಕೆ ಹೋಗಬೇಕು ಅಂತಿರುವ ಸ್ನೇಹಿತರು ನನ್ನನ್ನು ಕೇಳುವುದು ವೀಸಾ, ಬಾಡಿಗೆ, ತೆರಿಗೆ, ಆಸ್ಪತ್ರೆ ಇಷ್ಟೇ. ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಏನು ಮಾಡ್ತೀರಿ ಅಂತ ಯಾರೂ ಯೋಚಿಸಿರುವುದಿಲ್ಲ. ಅಕ್ಕ-ಭಾವನೂ ಯೋಚಿಸಿರಲಿಲ್ಲ. ಅಲ್ಲೇ ಅವರಿಗೆ ಪೆಟ್ಟು ಬಿದ್ದದ್ದು. ಭಾವ ತಾವು ಹೋದ ಜಾಗ, ಖರ್ಚು, ಮಂಡಿನೋವು ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವ ಮನುಷ್ಯ. ಆ ಪುಸ್ತಕ, ಅಕ್ಕನ ವಾರವಾರದ ಫೋನು, ಮತ್ತು 2024ರ ಅಕ್ಟೋಬರ್-ನವೆಂಬರ್‌ನಲ್ಲಿ ನಾನು ಅವರ ಮನೆಯಲ್ಲಿ ಕಳೆದ ಮೂರು ವಾರ, ಇವಿಷ್ಟರಿಂದ ಇದನ್ನು ಬರೆಯುತ್ತಿದ್ದೇನೆ. ಇಬ್ಬರೂ ಒಪ್ಪಿದ್ದಾರೆ. ಹೆಸರು ಮಾತ್ರ ಬೇಡ ಅಂದರು.

ಹೋದದ್ದು ಹೇಗೆ ಎಂಬುದನ್ನು ಬೇಗ ಮುಗಿಸುತ್ತೇನೆ. ಬ್ರಿಟನ್ ಯುರೋಪಿಯನ್ ಒಕ್ಕೂಟದಿಂದ ಹೊರಬಂದ ಮೇಲೆ ಅಲ್ಲಿನ ಪಾಸ್‌ಪೋರ್ಟ್ ಇದ್ದವರಿಗೂ ಪೋರ್ಚುಗಲ್‌ನಲ್ಲಿ ನೆಲೆಸಲು ವೀಸಾ ಬೇಕು. ಪಿಂಚಣಿ, ಬಾಡಿಗೆಯಂಥ ಆದಾಯ ಇರುವವರಿಗೆ ಡಿ7 ಎಂಬ ವೀಸಾ ಇದೆ. ಅದಕ್ಕೆ ಆ ದೇಶದ ಕನಿಷ್ಠ ಸಂಬಳದಷ್ಟಾದರೂ ಆದಾಯ ತೋರಿಸಬೇಕು. ಅವರು ಅರ್ಜಿ ಹಾಕಿದ 2022ರಲ್ಲಿ ಅದು ತಿಂಗಳಿಗೆ 705 ಯೂರೋ. ಹೆಂಡತಿಗೆ ಅದರ ಅರ್ಧ ಸೇರಿಸಬೇಕು. ಬ್ರಿಟನ್‌ನ ಸರ್ಕಾರಿ ಪಿಂಚಣಿ ಪಡೆಯುವವರು ಎಸ್1 ಎಂಬ ಫಾರಂ ಕೊಟ್ಟರೆ ಪೋರ್ಚುಗಲ್‌ನ ಸರ್ಕಾರಿ ಆರೋಗ್ಯ ಸೇವೆಯೂ ಸಿಗುತ್ತದೆ. ಇದೆಲ್ಲ ಅವರಿಗೆ ಸರಿಯಾಗಿಯೇ ಆಯಿತು.

ಕೊಯಿಂಬ್ರ ಸುಮಾರು 1,40,000 ಜನರ ಊರು. ಮೊಂಡೇಗು ನದಿಯ ದಡದಲ್ಲಿ ಗುಡ್ಡ, ಗುಡ್ಡದ ತಲೆಯ ಮೇಲೆ ಹಳೆಯ ವಿಶ್ವವಿದ್ಯಾಲಯ. 1290ರಲ್ಲಿ ಶುರುವಾದ ಆ ವಿಶ್ವವಿದ್ಯಾಲಯ 1537ರಿಂದ ಇಲ್ಲೇ ಇದೆ. ಊರು ನಡೆಯುವುದೇ ವಿದ್ಯಾರ್ಥಿಗಳಿಂದ. ಭಾವ ಇದನ್ನು ಆರಿಸಿದ್ದಕ್ಕೆ ಅದೇ ಕಾರಣ: ಓದುವ ಮಕ್ಕಳಿರುವ ಊರಿನಲ್ಲಿ ಜೀವ ಇರುತ್ತದೆ ಅಂತ. ಅವರಿಗೆ ಗೊತ್ತಿಲ್ಲದ ಒಂದು ವಿಷಯ ಇತ್ತು. ಪೋರ್ಚುಗಲ್‌ನಲ್ಲಿ ಕಾಲೇಜಿನ ಮಕ್ಕಳು ಶುಕ್ರವಾರ ಸಂಜೆ ತಮ್ಮ ತಮ್ಮ ಊರಿಗೆ ಹೊರಟುಬಿಡುತ್ತಾರೆ. ಶುಕ್ರವಾರ ಐದು ಗಂಟೆಯಿಂದ ಕಲ್ಲುಹಾಸಿನ ಬೀದಿಯಲ್ಲಿ ಸೂಟ್‌ಕೇಸಿನ ಗಾಲಿಗಳ ಗಡಗಡ ಸದ್ದು. ಭಾನುವಾರ ರಾತ್ರಿ ಮತ್ತೆ ಅದೇ ಸದ್ದು, ವಾಪಸ್. ನಡುವಿನ ಎರಡು ದಿನ ಊರು ಖಾಲಿ ಹೊಡೆಯುತ್ತದೆ. ಅಂದರೆ ಅಕ್ಕ-ಭಾವ ಯಾವ ಜೀವಕ್ಕಾಗಿ ಬಂದಿದ್ದರೋ ಅದು ವಾರಾಂತ್ಯದಲ್ಲಿ ಅಲ್ಲಿ ಇರುತ್ತಲೇ ಇರಲಿಲ್ಲ.

ಇನ್ನೊಂದು, ಮನೆ. ಪೋರ್ಚುಗಲ್ ಅಂದರೆ ಬಿಸಿಲು ಅಂತ ಎಲ್ಲರೂ ಹೇಳುತ್ತಾರೆ. ಆದರೆ ಅಲ್ಲಿನ ಹಳೆಯ ಮನೆಗಳಲ್ಲಿ ಸಾಮಾನ್ಯವಾಗಿ ಸೆಂಟ್ರಲ್ ಹೀಟಿಂಗ್ ಇರುವುದಿಲ್ಲ. ಕಲ್ಲಿನ ಗೋಡೆ, ಟೈಲ್ಸ್ ನೆಲ. ಚಳಿಗಾಲದಲ್ಲಿ ಒಳಗೆಲ್ಲ ತೇವ, ಬಟ್ಟೆ ಕಪಾಟಿನಲ್ಲಿ ಬೂಷ್ಟು. "ತಮಾ, ಲೆಸ್ಟರ್‌ನಲ್ಲಿ ಹೊರಗೆ ಚಳಿ, ಒಳಗೆ ಬೆಚ್ಚಗೆ. ಇಲ್ಲಿ ಹೊರಗೆ ಬೆಚ್ಚಗೆ, ಒಳಗೆ ಚಳಿ" ಅಂತ ಅಕ್ಕ ಮೊದಲ ಡಿಸೆಂಬರ್‌ನಲ್ಲಿ ಹೇಳಿದ್ದಳು. ಹಾಗಾಗಿ ಅವರು ಹೊರಗೆ ಸುತ್ತಲು ಹೊರಟದ್ದರಲ್ಲಿ ಖುಷಿಯ ಜೊತೆ ಈ ಒತ್ತಡವೂ ಇತ್ತು. ಮನೆಯಲ್ಲಿ ಕೂರಲು ಆಗುತ್ತಿರಲಿಲ್ಲ.

ಮೊದಲ ಐದು ತಿಂಗಳು ಅವರು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಒಂದು ಹಳೆಯ ಕಾರು ಕೊಂಡರು. ಭಾವ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ 40 ಜಾಗಗಳ ಪಟ್ಟಿ ಬರೆದರು. ಶನಿವಾರ ಒಂದು, ಭಾನುವಾರ ಒಂದು. ತೊಮಾರ್‌ನ ಟೆಂಪ್ಲರ್ ಯೋಧರ ಕೋಟೆ-ಮಠ. ಬಟಾಲ್ಯದ ಮಠ, 1385ರ ಅಲ್ಜುಬರೋಟ ಯುದ್ಧ ಗೆದ್ದ ಹರಕೆಗೆ ಕಟ್ಟಿಸಿದ್ದು. ಅಲ್ಕೊಬಾಸದಲ್ಲಿ ರಾಜ ಪೆದ್ರೂ ಮತ್ತು ಅವನ ಪ್ರೇಯಸಿ ಇನೇಸ್‌ಳ ಎದುರುಬದುರು ಸಮಾಧಿಗಳು. ನಜರೇಯ ದೈತ್ಯ ಅಲೆಗಳು. ಕೊನಿಂಬ್ರಿಗದ ರೋಮನ್ ಊರಿನ ಅವಶೇಷ, ಅದಂತೂ ಮನೆಯಿಂದ ಬರೀ 16 ಕಿಲೋಮೀಟರ್.

ಎಲ್ಲವೂ ನೋಡಬೇಕಾದ ಜಾಗಗಳೇ, ಅದರಲ್ಲಿ ಎರಡು ಮಾತಿಲ್ಲ. ಕೊನಿಂಬ್ರಿಗಕ್ಕೆ ನಾನೂ ಹೋಗಿದ್ದೆ. ದಾಳಿಗೆ ಹೆದರಿದ ಜನ ಅವಸರದಲ್ಲಿ ಕಟ್ಟಿದ ಗೋಡೆ ತಮ್ಮದೇ ಶ್ರೀಮಂತ ಮನೆಗಳ ಮಧ್ಯೆ ಹಾದುಹೋಗಿದೆ. ಗೋಡೆಯ ಆಚೆ ಬಿಟ್ಟುಹೋದ ಮನೆಯ ನೆಲದಲ್ಲಿ ಬಣ್ಣದ ಕಲ್ಲುಚೂರುಗಳ ಚಿತ್ತಾರ ಇನ್ನೂ ಹಾಗೇ ಇದೆ. ಆದರೆ ಭಾವನ ನೋಟ್‌ಬುಕ್ ಆ ತಿಂಗಳುಗಳಲ್ಲಿ ಬೇರೆಯದನ್ನೇ ಹೇಳುತ್ತದೆ. "ಬಟಾಲ್ಯ. ಟೋಲ್, ಪೆಟ್ರೋಲ್, ಊಟ ಸೇರಿ 74 ಯೂರೋ. ಮಂಡಿನೋವು. ಯಾರ ಹತ್ತಿರವೂ ಮಾತಾಡಲಿಲ್ಲ." ಈ ಕೊನೆಯ ಸಾಲು ಆ ಐದು ತಿಂಗಳಲ್ಲಿ 11 ಸಲ ಬರುತ್ತದೆ. ನಾನು ಎಣಿಸಿದೆ.

31 ವರ್ಷ ರಸ್ತೆಯ ಎಡಗಡೆ ಓಡಿಸಿದವರಿಗೆ 67ನೇ ವಯಸ್ಸಿನಲ್ಲಿ ಬಲಗಡೆ ಓಡಿಸುವುದು ಸುಲಭ ಅಲ್ಲ. ರೌಂಡಬೌಟ್ ಬಂದಾಗಲೆಲ್ಲ ಅಕ್ಕ ಉಸಿರು ಬಿಗಿಹಿಡಿದು ಕೂರುತ್ತಿದ್ದಳಂತೆ. ಸಂಜೆ ಮನೆಗೆ ಬಂದರೆ ಇಬ್ಬರಿಗೂ ಸುಸ್ತು, ಸಿಡಿಮಿಡಿ.

ಭಾನುವಾರ ಇನ್ನೂ ಕಷ್ಟ. ಅಲ್ಲಿ ಭಾನುವಾರದ ಮಧ್ಯಾಹ್ನದ ಊಟ ಅಂದರೆ ಮನೆಮಂದಿಯ ಊಟ. ಅಜ್ಜ-ಅಜ್ಜಿ, ಮಕ್ಕಳು, ಮೊಮ್ಮಕ್ಕಳು, ಉದ್ದ ಮೇಜು, ಮೂರು ಗಂಟೆ ಕಾಲ. ಹೋಟೆಲಿಗೆ ಹೋದರೂ ಸುತ್ತ ಹನ್ನೆರಡು ಜನರ ಮೇಜುಗಳು, ನಡುವೆ ಇವರಿಬ್ಬರು. ಲೆಸ್ಟರ್‌ನಲ್ಲಿ ಭಾನುವಾರ ಅಂದರೆ ಯಾರಾದರೊಬ್ಬ ಕನ್ನಡದವರ ಮನೆ, ಅವಲಕ್ಕಿ, ಹರಟೆ. ಅದು ಒಂದೇ ಏಟಿಗೆ ನಿಂತುಹೋಗಿತ್ತು. ಆ ಚಳಿಗಾಲ ಪ್ರತಿ ಭಾನುವಾರ ಅವರ ಮೂರು ಗಂಟೆಗೆ, ಅಂದರೆ ನಮ್ಮ ರಾತ್ರಿ ಎಂಟೂವರೆಗೆ, ಅಕ್ಕನ ಫೋನ್ ಬರುತ್ತಿತ್ತು. ಒಂದೊಂದು ಸಲ ಎರಡು ಗಂಟೆ ಮಾತು. ಊಟದ ವಿಷಯ, ಊರಿನ ವಿಷಯ. ಅವಳು ಅತ್ತಿದ್ದಿಲ್ಲ, ಆದರೆ ಫೋನ್ ಇಡುತ್ತಿರಲಿಲ್ಲ. ನನಗೆ ಅರ್ಥವಾಗಲು ಬಹಳ ದಿನ ಬೇಕಾಯಿತು. ಆಗ ಕೆಲಸದ ಗಡಿಬಿಡಿಯಲ್ಲಿ ಕೆಲವು ಸಲ ನಾನೇ ಬೇಗ ಮುಗಿಸಿದ್ದೂ ಇದೆ. ಅದು ಇವತ್ತಿಗೂ ಚುಚ್ಚುತ್ತದೆ.

2023ರ ಫೆಬ್ರವರಿಯಲ್ಲಿ ಅಕ್ಕ ಬಿದ್ದಳು. ಕೊಯಿಂಬ್ರದಲ್ಲಿ ಕೆಳಪೇಟೆಯಿಂದ ಗುಡ್ಡದ ಮೇಲಕ್ಕೆ ಹೋಗುವ ಮೆಟ್ಟಿಲುಬೀದಿ ಒಂದಿದೆ. ಹೆಸರೇ ಕೆಬ್ರ ಕೋಸ್ತಸ್, ಅಂದರೆ ಬೆನ್ನು ಮುರಿಯುವುದು. ಅವಳು ಬಿದ್ದದ್ದು ಅಲ್ಲಿ ಅಲ್ಲ, ಮನೆಯ ಹತ್ತಿರದ ಸಮತಟ್ಟು ಬೀದಿಯಲ್ಲಿ. ಸುಣ್ಣಕಲ್ಲಿನ ಸಣ್ಣ ಸಣ್ಣ ತುಂಡು ಜೋಡಿಸಿದ ಹಾಸುಗಲ್ಲಿಗೆ ಅಲ್ಲಿ ಕಲ್ಸಾದ ಅನ್ನುತ್ತಾರೆ. ವರ್ಷಾನುಗಟ್ಟಲೆ ಕಾಲು ತುಳಿದು ನುಣುಪಾದ ಕಲ್ಲು, ಮಳೆ ಬಂದರೆ ಸಾಬೂನಿನ ಹಾಗೆ. ಎಡ ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರ್. ತಿರುಗಾಟ ಪೂರ್ತಿ ನಿಂತಿತು. ಇಂಗ್ಲೆಂಡಿಗೆ ವಾಪಸ್ ಹೋಗೋಣವಾ ಎಂಬ ಮಾತು ಮೊದಲ ಸಲ ಬಂದದ್ದು ಆಗಲೇ.

ವಾಪಸ್ ಹೋಗದೇ ಇದ್ದದ್ದು ಒಬ್ಬ ಫಿಸಿಯೋಥೆರಪಿಸ್ಟ್ ಹುಡುಗಿಯಿಂದ ಅಂತ ನನ್ನ ಲೆಕ್ಕ. ಅವಳು ಕೈಯ ವ್ಯಾಯಾಮ ಹೇಳಿಕೊಟ್ಟು, ಜೊತೆಗೆ "ನಡೆಯಿರಿ, ಆದರೆ ಗುಡ್ಡ ಬೇಡ, ಕಲ್ಲು ಬೇಡ, ಮಣ್ಣಿನ ದಾರಿಯಲ್ಲಿ ನಡೆಯಿರಿ" ಅಂದಳು. ಮಣ್ಣಿನ ದಾರಿ ಎಲ್ಲಿ? ನದಿ ಪಕ್ಕದ ಶೋಪಾಲ್ ಕಾಡಿನಲ್ಲಿ. ಅದು ಸರ್ಕಾರಿ ಕಾಡು, ಸಮತಟ್ಟು. ಏಪ್ರಿಲ್‌ನಲ್ಲಿ ಅಲ್ಲಿಂದ ಶುರು ಮಾಡಿದರು. ಆಮೇಲೆ ಅವಳೇ ಇನ್ನೊಂದು ಮಾತು ಸೇರಿಸಿದಳು: ರೈಲು ಹತ್ತಿ ಫಿಗೇರಾ ದ ಫೋಶ್‌ಗೆ ಹೋಗಿ, ಅಲ್ಲಿ ಕಡಲ ದಂಡೆಯುದ್ದಕ್ಕೂ ಏರಿಳಿತವೇ ಇಲ್ಲ.

ಪಟ್ಟಿಯಲ್ಲಿ ಫಿಗೇರಾ ಇರಲೇ ಇಲ್ಲ. ಪ್ರವಾಸಿ ಪುಸ್ತಕಗಳು ಅದನ್ನು ದೊಡ್ಡ ಬೀಚ್ ಇರುವ ಊರು ಅಂತ ಎರಡು ಸಾಲಿನಲ್ಲಿ ಮುಗಿಸುತ್ತವೆ. ಮೊಂಡೇಗು ನದಿ ಸಮುದ್ರ ಸೇರುವುದು ಅಲ್ಲಿ. ಫೋಶ್ ಅಂದರೆ ಅಳಿವೆ ಅಂತಲೇ ಅರ್ಥ.

ಕೊಯಿಂಬ್ರದಿಂದ ಒಂದು ಗಂಟೆ ಚಿಲ್ಲರೆ ದಾರಿ. ನಿಧಾನದ ರೈಲು, ಸಣ್ಣ ಸಣ್ಣ ಸ್ಟೇಷನ್. ಅಲ್ಫರೇಲೋಶ್ ದಾಟುವ ಹೊತ್ತಿಗೆ ಎರಡೂ ಕಡೆ ಗದ್ದೆ. ಹೌದು, ಭತ್ತದ ಗದ್ದೆ! ಕೆಳ ಮೊಂಡೇಗು ಬಯಲು ಪೋರ್ಚುಗಲ್‌ನ ಮುಖ್ಯ ಭತ್ತದ ಸೀಮೆಗಳಲ್ಲಿ ಒಂದು. ಅಲ್ಲಿ ಬೆಳೆಯುವ ಕರೊಲಿನು ಎಂಬ ಅಕ್ಕಿಗೆ ಯುರೋಪಿನ ಪ್ರದೇಶ ಗುರುತಿನ (ಜಿಐ) ರಕ್ಷಣೆ ಇದೆ. ದೂರದಲ್ಲಿ ಮೊಂತೆಮೊರ್‌ನ ಕೋಟೆ, ಕಂಬಗಳ ತುದಿಯಲ್ಲಿ ಬಿಳಿ ಕೊಕ್ಕರೆಗಳ ಗೂಡು, ಮೇ ತಿಂಗಳಲ್ಲಿ ನೀರು ನಿಂತ ಗದ್ದೆ. ಅಕ್ಕ ಕಿಟಕಿಗೆ ಮುಖ ಒತ್ತಿ ಕೂತಿದ್ದಳಂತೆ. ಇಳಿದ ಮೇಲೆ ಪೇಟೆ. ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದಲ್ಲಿ ಕಬ್ಬಿಣದ ಚಾವಣಿಯ ಹಳೆಯ ಮಾರುಕಟ್ಟೆ. ಅಲ್ಲಿ ಮೀನು.

ಕುಮಟೆಯವರಿಗೆ ಮೀನು ಅಂದರೆ ಏನು ಅಂತ ನಾನು ಹೇಳಬೇಕಾಗಿಲ್ಲ. ಲೆಸ್ಟರ್ ಇಂಗ್ಲೆಂಡಿನ ನಟ್ಟನಡುವೆ ಇದೆ, ಯಾವ ಕಡಲೂ ಹತ್ತಿರ ಇಲ್ಲ. 31 ವರ್ಷ ಅಕ್ಕ ಫ್ರೀಜರ್ ಮೀನು ತಿಂದವಳು. ಇಲ್ಲಿ ಮೇಜಿನ ಮೇಲೆ ತಾರ್ಲೆಯ ರಾಶಿ, ಬಂಗಡೆಯ ಅಣ್ಣತಮ್ಮನಂತಿರುವ ಕವಾಲ. ಮಾರುವ ಹೆಂಗಸು 65 ವರ್ಷದ ನಮ್ಮ ಅಕ್ಕನನ್ನು ಕರೆದದ್ದು "ಮೆನೀನ" ಅಂತ. ಹುಡುಗಿ ಅಂತ ಅರ್ಥ. ಅಲ್ಲಿನ ಮಾರುಕಟ್ಟೆಯಲ್ಲಿ ಯಾವ ವಯಸ್ಸಿನ ಹೆಂಗಸನ್ನೂ ಪ್ರೀತಿಯಿಂದ ಹಾಗೆ ಕರೆಯುತ್ತಾರೆ. ಆ ರಾತ್ರಿ ಫೋನಿನಲ್ಲಿ ಅಕ್ಕನ ದನಿಯೇ ಬೇರೆ ಇತ್ತು.

ಮುಂದಿನ ಶನಿವಾರ ಭಾವ ಪಟ್ಟಿ ತೆಗೆದರು. ಅಕ್ಕ "ಬೇಡ, ಫಿಗೇರಾಕ್ಕೇ ಹೋಗುವ, ಮೀನು ತರಬೇಕು" ಅಂದಳು. ಅದರ ಮುಂದಿನ ವಾರವೂ ಅದೇ. ನೋಡಿದ್ದನ್ನೇ ಏನು ನೋಡುವುದು ಅಂತ ಭಾವನಿಗೆ ಮೊದಮೊದಲು ಬೇಸರ. ಆದರೆ ನನ್ನ ಪ್ರಕಾರ ಇಡೀ ಪ್ರಕರಣ ತಿರುಗಿದ್ದು ಇಲ್ಲೇ. "ಮೀನು ತರಬೇಕು" ಎಂಬ ಮಾತಿನಲ್ಲಿ. ಬಟಾಲ್ಯಕ್ಕೆ ಅವರು ನೋಡಲು ಹೋಗಿದ್ದರು. ಫಿಗೇರಾಕ್ಕೆ ಕೆಲಸ ಇಟ್ಟುಕೊಂಡು ಹೋದರು. ನೋಡಲು ಹೋದವರ ಹತ್ತಿರ ಯಾರೂ ಮಾತಾಡುವುದಿಲ್ಲ. ಪ್ರತಿ ಶನಿವಾರ ಹತ್ತು ಗಂಟೆಗೆ ಚೀಲ ಹಿಡಿದು ಬರುವವರ ಹತ್ತಿರ ನಾಲ್ಕನೇ ವಾರಕ್ಕೆ ಎಲ್ಲರೂ ಮಾತಾಡುತ್ತಾರೆ.

ಮಾತು ಬಂದದ್ದೂ ಹಾಗೆಯೇ. ಇಬ್ಬರೂ ವಾರಕ್ಕೆ ಎರಡು ಸಂಜೆ ಪೋರ್ಚುಗೀಸ್ ಕ್ಲಾಸಿಗೆ ಹೋಗುತ್ತಿದ್ದರು, ಕ್ರಿಯಾಪದಗಳಲ್ಲಿ ಒದ್ದಾಡುತ್ತಿದ್ದರು. ಮಾರುಕಟ್ಟೆಯಲ್ಲಿ ಅಕ್ಕನಿಗೆ ಹೊಳೆದದ್ದು, ಅರ್ಧ ಮಾತು ತನಗೆ ಆಗಲೇ ಗೊತ್ತು ಅಂತ. ನಮ್ಮ ಬಟಾಟೆ ಅವರ ಬತಾತ. ಬಾಲ್ದಿ ಅವರ ಬಾಲ್ದೆ. ಅನಾನಸ್ ಅನಾನಾಶೇ. ಚಾವಿ ಅವರ ಶಾವೆ. ಮೀನಿನ ಲಿಲಾವು ನಡೆಯುವುದನ್ನು ನಮ್ಮ ಕಡೆ ನೋಡಿ ಬೆಳೆದವಳಿಗೆ ಹರಾಜಿಗೆ ಇಲ್ಲಿ ಲೈಲಾಂವ್ ಅನ್ನುತ್ತಾರೆ ಅಂತ ಕೇಳಿ ರೋಮಾಂಚನ. ಆ ಭಾಷೆಯಿಂದ ನಾನೂರು-ಐನೂರು ವರ್ಷದ ಹಿಂದೆ ನಮ್ಮ ಕರಾವಳಿಗೆ ಬಂದ ಮಾತುಗಳಿವು. ಕೊತ್ತಂಬರಿ ಸೊಪ್ಪು ಧಾರಾಳ ಸಿಗುವುದೂ ಅವಳಿಗೆ ದೊಡ್ಡ ಸಮಾಧಾನ. ಅಲಸಂದೆ ಕಾಳಿನ ಪಲ್ಯವೂ ಆಯಿತು, ಅದನ್ನು ಅಲ್ಲಿ ಫೈಜಾಂವ್ ಫ್ರಾದೆ ಅನ್ನುತ್ತಾರೆ. ಕರೊಲಿನು ಅಕ್ಕಿ ಬೆಂದರೆ ಮೆತ್ತಗೆ, ಅಂಟಂಟು. ಮೊಸರನ್ನಕ್ಕೆ ಹೇಳಿ ಮಾಡಿಸಿದ್ದು.

ಭಾವನನ್ನು ಫಿಗೇರಾಕ್ಕೆ ಕಟ್ಟಿಹಾಕಿದ್ದು ಉಪ್ಪು. ಅಳಿವೆಯಲ್ಲಿ ಉಪ್ಪಿನ ಗದ್ದೆಗಳಿವೆ. ನದಿಯ ದಕ್ಷಿಣ ದಡದ ಲಾವುಶ್‌ನಲ್ಲಿ ಉಪ್ಪಿನ ಮ್ಯೂಸಿಯಂ ಇದೆ, ಪಕ್ಕದಲ್ಲೇ ಈಗಲೂ ಉಪ್ಪು ತೆಗೆಯುವ ಗದ್ದೆ. 2023ರ ಆಗಸ್ಟ್‌ನಲ್ಲಿ ಟ್ಯಾಕ್ಸಿ ಮಾಡಿಕೊಂಡು ಅಲ್ಲಿಗೆ ಹೋದರು. ಸಮುದ್ರದ ನೀರನ್ನು ಒಂದು ಕಟ್ಟೆಯಿಂದ ಇನ್ನೊಂದಕ್ಕೆ ಬಿಡುತ್ತಾ, ಬಿಸಿಲಿಗೆ ಗಟ್ಟಿ ಮಾಡುತ್ತಾ, ಕೊನೆಯ ಸಣ್ಣ ಮಡಿಯಲ್ಲಿ ಉಪ್ಪು ಕೂರಿಸುತ್ತಾರೆ. ಮಣ್ಣಿನ ನೆಲ, ಉದ್ದ ಕೋಲಿನ ಮರದ ಹಲಗೆಯಿಂದ ಎಳೆದು ಗುಡ್ಡೆ ಹಾಕುವುದು. ಭಾವ ಹುಡುಗನಾಗಿದ್ದಾಗ ಗೋಕರ್ಣದ ಹತ್ತಿರ ಸಾಣಿಕಟ್ಟೆಯಲ್ಲಿ ಕಂಡದ್ದು ಇದನ್ನೇ. ಅವರ ಸೋದರಮಾವ ಅಲ್ಲಿ ಉಪ್ಪಿನ ಲೆಕ್ಕ ಬರೆಯುತ್ತಿದ್ದವರು. ಅಲ್ಲಿನ ಅಘನಾಶಿನಿ ಅಳಿವೆಯಲ್ಲೂ ಹೀಗೇ ಅಲ್ವಾ: ಒಂದು ಕಡೆ ಉಪ್ಪಿನ ಆಗರ, ಇನ್ನೊಂದು ಕಡೆ ಉಪ್ಪುನೀರು ನುಗ್ಗುವ ಗಜನಿ ಗದ್ದೆಯಲ್ಲಿ ಕಗ್ಗ ಎಂಬ ಭತ್ತ, ನಡುವೆ ಮೀನು, ಚಿಪ್ಪಿ.

ಉಪ್ಪು ತೆಗೆಯುವವನಿಗೆ ಅಲ್ಲಿ ಮರ್ನೋತು ಅನ್ನುತ್ತಾರೆ. ಅಲ್ಲಿದ್ದ ಮುದುಕ ಮರ್ನೋತುವಿಗೆ ಭಾವ ಫೋನಿನಲ್ಲಿ ಸಾಣಿಕಟ್ಟೆಯ ಫೋಟೋ ತೋರಿಸಿದರು. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, ಹಲಗೆಯ ಕೋಲನ್ನು ಭಾವನ ಕೈಗೆ ಕೊಟ್ಟರು. ಆ ದಿನದ ನೋಟ್‌ಬುಕ್ಕಿನಲ್ಲಿ ಖರ್ಚು ಬರೆದೇ ಇಲ್ಲ. "ಎರಡು ಮಡಿ ಎಳೆದೆ. ಮಂಡಿ ನೆನಪಾಗಲಿಲ್ಲ" ಅಂತ ಮಾತ್ರ ಇದೆ. ಈಗ ಭಾವ ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಅಲ್ಲಿಗೆ ಹೋಗುತ್ತಾರೆ. ಚಳಿಗಾಲದಲ್ಲಿ ಉಪ್ಪು ಇರುವುದಿಲ್ಲ, ಆದರೆ ರಾಜಹಂಸಗಳನ್ನು ನೋಡಲು ಹೋಗುತ್ತಾರೆ.

ಇಷ್ಟಾದರೂ ಶನಿವಾರ ಮಾತ್ರ ತುಂಬಿತ್ತು, ಭಾನುವಾರ ಹಾಗೇ ಇತ್ತು. ಎರಡನ್ನೂ ಸೇರಿಸಿ ವಾರಾಂತ್ಯ ಅಂತ ಒಂದೇ ಮಾತಿನಲ್ಲಿ ಹೇಳುವುದು ತಪ್ಪು ಅಂತ ನನಗೆ ಅನಿಸಿದ್ದು ಇದರಿಂದಲೇ. ಶನಿವಾರ ಪೇಟೆಯ ದಿನ, ಹೊರಗಿನವರಿಗೂ ಬಾಗಿಲು ತೆರೆದಿರುತ್ತದೆ. ಭಾನುವಾರ ಮನೆಯ ದಿನ. ಬೇರೆಯವರ ಮನೆಯೊಳಗೆ ಯಾರಾದರೂ ಕರೆಯಬೇಕು, ನಾವಾಗಿ ಹೋಗಲು ಆಗುವುದಿಲ್ಲ.

ಕರೆದದ್ದು ಮೀನು ಮಾರುವ ಹೆಂಗಸು. ಅವರ ಹಳ್ಳಿಯ ಸಂಘದವರು ತಿಂಗಳಿಗೆ ಎರಡು ಭಾನುವಾರ ಕಮಿನ್ಯಾದ ಇಟ್ಟುಕೊಳ್ಳುತ್ತಾರೆ. ಕಮಿನ್ಯಾದ ಅಂದರೆ ಗುಂಪಾಗಿ ನಡೆಯುವುದು. ಬೆಳಿಗ್ಗೆ ಗದ್ದೆ ಬದುಗಳ ಮೇಲೆ ಏಳೆಂಟು ಕಿಲೋಮೀಟರ್, ಆಮೇಲೆ ಸಂಘದ ಹಾಲ್‌ನಲ್ಲಿ ಸೂಪು, ಮೆಕ್ಕೆಜೋಳದ ಹಿಟ್ಟಿನ ಬ್ರೆಡ್ಡು ಬ್ರೋವ, ಎಲ್ಲರೂ ತಂದ ಅಡುಗೆ. ಪೋರ್ಚುಗಲ್‌ನ ಬಹಳ ಹಳ್ಳಿಗಳಲ್ಲಿ ಇಂಥ ನಡಿಗೆಗಳು ನಡೆಯುತ್ತವೆ, ಆದರೆ ಇಂಗ್ಲಿಷ್ ಪ್ರವಾಸಿ ಪುಸ್ತಕಗಳಲ್ಲಿ ಸಿಗುವುದಿಲ್ಲ. ಹಾಲಿನ ಬಾಗಿಲಿಗೆ ಅಂಟಿಸಿದ ಕಾಗದದಲ್ಲಿರುತ್ತವೆ. 2024ರ ಜನವರಿಯಲ್ಲಿ ಮೊದಲ ಸಲ ಹೋದರು. ಸೂಪಿನಲ್ಲಿ ಹಂದಿಯ ಸಾಸೇಜ್ ಇರುತ್ತದೆ, ಅದನ್ನು ಅವರು ತಿನ್ನುವುದಿಲ್ಲ. ಮೂರನೇ ಸಲಕ್ಕೆ ಇವರಿಬ್ಬರಿಗೆ ಬೇರೆ ಪಾತ್ರೆಯಲ್ಲಿ ಸಾಸೇಜ್ ಹಾಕದ ಸೂಪು ತೆಗೆದಿಟ್ಟಿದ್ದರಂತೆ. ಅಕ್ಕ ಇದನ್ನು ಹೇಳುವಾಗ ಗಂಟಲು ತುಂಬಿ ಬಂದಿತ್ತು.

ನಾನು ಹೋದದ್ದು 2024ರ ನವೆಂಬರ್ 10ರ ನಡಿಗೆಗೆ. ಮರುದಿನ ಸಂತ ಮಾರ್ಟಿನನ ಹಬ್ಬ, ಹಾಗಾಗಿ ಮಗುಷ್ತು ಇತ್ತು. ನೆಲದ ಮೇಲೆ ಚೆಸ್ಟ್‌ನಟ್ ಹರಡಿ, ಮೇಲೆ ಪೈನ್ ಮರದ ಒಣ ಸೂಜಿಎಲೆ ರಾಶಿ ಹಾಕಿ ಬೆಂಕಿ ಕೊಡುತ್ತಾರೆ. ಬೆಂಕಿ ಆರಿದ ಮೇಲೆ ಬೂದಿಯಲ್ಲಿ ಕೈ ಹಾಕಿ ಹೆಕ್ಕಿ ಸುಲಿದು ತಿನ್ನುವುದು, ಮಸಿ ಕೈಯನ್ನು ಪಕ್ಕದವರ ಕೆನ್ನೆಗೆ ಒರೆಸುವುದು. ಬಾಲ್ಯದಲ್ಲಿ ನಮ್ಮ ಹಿತ್ತಿಲಲ್ಲಿ ಗೇರುಬೀಜ ಸುಡುತ್ತಿದ್ದದ್ದು ಹೀಗೇ. ಗೇರುಮರ ನಮ್ಮ ಕಡೆಗೆ ಬಂದದ್ದೂ ಪೋರ್ಚುಗೀಸರಿಂದ. ಎಂಬತ್ತು ದಾಟಿದ ಒಬ್ಬ ಅಜ್ಜಿ ಅಕ್ಕನ ಎರಡೂ ಕೆನ್ನೆಗೆ ಮಸಿ ಬಳಿದು ನಕ್ಕಿತು. ಅಕ್ಕ ತಿರುಗಿ ಬಳಿದಳು. ಸುಮ್ನೆ ನಿಂತು ನೋಡುತ್ತಿದ್ದ ನನಗೂ ಬಿತ್ತು.

ಖರ್ಚಿನ ಮಾತು. ಕಾರು 2024ರ ಕೊನೆಗೆ ಮಾರಿದರು. 65 ದಾಟಿದವರಿಗೆ ಅಲ್ಲಿನ ರೈಲಿನಲ್ಲಿ ಅರ್ಧ ಟಿಕೆಟ್. 2024ರ ಅಕ್ಟೋಬರ್‌ನಿಂದ ತಿಂಗಳಿಗೆ 20 ಯೂರೋದ ಹಸಿರು ರೈಲು ಪಾಸ್ ಬಂದಿದೆ. ಅದು ಪ್ರಾದೇಶಿಕ ರೈಲುಗಳಿಗೆ, ಮೊದಲೇ ಸೀಟು ಕಾದಿರಿಸಿದರೆ ಇಂಟರ್‌ಸಿಟಿಯ ಎರಡನೇ ದರ್ಜೆಗೂ ನಡೆಯುತ್ತದೆ. ಅತಿ ವೇಗದ ಆಲ್ಫಾ ಪೆಂಡುಲಾರ್‌ಗೆ ನಡೆಯುವುದಿಲ್ಲ. ಇಬ್ಬರಿಗೆ ತಿಂಗಳಿಗೆ 40 ಯೂರೋ, ಮೊದಲು ಒಂದು ಶನಿವಾರಕ್ಕೆ ಆಗುತ್ತಿದ್ದ ಖರ್ಚಿಗಿಂತ ಕಡಿಮೆ. ದೇಶದಲ್ಲಿ ನೆಲೆಸಿದವರಿಗೆ ವರ್ಷಕ್ಕೆ 52 ದಿನ ಸರ್ಕಾರಿ ಮ್ಯೂಸಿಯಂ, ಸ್ಮಾರಕಗಳು ಉಚಿತ. 40ರ ಪಟ್ಟಿಯಲ್ಲಿ ಉಳಿದವನ್ನು ಈಗ ವರ್ಷಕ್ಕೆ ನಾಲ್ಕೈದು ನೋಡುತ್ತಾರೆ, ಅದೂ ಯಾರಾದರೂ ನೆಂಟರು ಬಂದಾಗ.

ಎಲ್ಲ ಸರಿಹೋಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. 2025ರ ಜನವರಿಯಲ್ಲಿ ಕೆಳಪೇಟೆಯ ಹಳೆಯ ರೈಲು ನಿಲ್ದಾಣ ಕೊಯಿಂಬ್ರ-ಎ ಮುಚ್ಚಿತು. ಮನೆಯಿಂದ ಹತ್ತು ನಿಮಿಷ ನಡೆದು ರೈಲು ಹತ್ತುತ್ತಿದ್ದವರು ಈಗ ಬಸ್ ಹಿಡಿದು ಊರಾಚೆಯ ಕೊಯಿಂಬ್ರ-ಬಿಗೆ ಹೋಗಬೇಕು. ಒದ್ದೆ ಕಲ್ಲು ಕಂಡರೆ ಅಕ್ಕ ಈಗಲೂ ಭಾವನ ತೋಳು ಹಿಡಿಯುತ್ತಾಳೆ. ಭಾವನ ಬಲ ಮಂಡಿಗೆ ಆಪರೇಷನ್ ಬೇಕು ಅಂತ ಡಾಕ್ಟರು ಹೇಳಿದ್ದಾರೆ. ಇಬ್ಬರಲ್ಲಿ ಒಬ್ಬರೇ ಉಳಿದರೆ ಶನಿವಾರದ ರೈಲು ಹತ್ತುತ್ತಾರಾ ಅಂತ ನಾನು ಕೇಳಿದೆ. ಭಾವ ಉತ್ತರ ಕೊಡಲಿಲ್ಲ. ಅಕ್ಕ, "ಮೀನಿನವಳು ಬಂದು ಎಳೆದುಕೊಂಡು ಹೋಗುತ್ತಾಳೆ ಬಿಡು" ಅಂದಳು.

ಭಾನುವಾರದ ಫೋನು 2024ರ ವಸಂತದ ಹೊತ್ತಿಗೆ ಸೋಮವಾರಕ್ಕೆ ಸರಿಯಿತು. ಸೋಮವಾರವೂ ಅಷ್ಟು ಹೊತ್ತು ಇಲ್ಲ, ಇಪ್ಪತ್ತು ನಿಮಿಷ. ಭಾನುವಾರ ರಾತ್ರಿ ಎಂಟೂವರೆಗೆ ನಾನು ಈಗಲೂ ಫೋನ್ ಹತ್ತಿರವೇ ಇಟ್ಟುಕೊಂಡಿರುತ್ತೇನೆ. ಹೋದ ಚಳಿಗಾಲ ಬಿಡದೆ ಮಳೆ ಹಿಡಿದು ಗದ್ದೆಬದುವಿನ ನಡಿಗೆ ಎರಡು ಸಲ ರದ್ದಾಯಿತು. ಎರಡೂ ಭಾನುವಾರ ಫೋನ್ ಬಂತು. ಅವಳು ಸಾಕು ಅನ್ನುವವರೆಗೆ ಮಾತಾಡಿದೆವು.